ತಂಗಿ ಮದುವೆಗೆ ಉಣ್ಣೆ ಫೆಲ್ಟ್ ಹೂ, ಕೈಚೀಲ, ಶಾಲು: ಒಂಬತ್ತು ವಾರದಲ್ಲಿ ಆಗುತ್ತಾ?

ಉಣ್ಣೆಉಂಡೆ
ಎಲ್ಲರಿಗೂ ನಮಸ್ಕಾರ. ತಂಗಿಯ ಮದುವೆಗೆ ಇನ್ನು ಸರಿಯಾಗಿ 9 ವಾರ ಇದೆ. ಹುಮ್ಮಸ್ಸಿನಲ್ಲಿ ಮಾತು ಕೊಟ್ಟುಬಿಟ್ಟಿದ್ದೇನೆ. ಅವಳ ಮುಡಿಗೆ ಉಣ್ಣೆ ಫೆಲ್ಟ್ (ನೇಯದೆ, ಉಣ್ಣೆಯ ಎಳೆಗಳನ್ನು ಸೂಜಿಯಲ್ಲಿ ಚುಚ್ಚಿಯೋ ಸೋಪು ನೀರಲ್ಲಿ ಉಜ್ಜಿಯೋ ಗಟ್ಟಿ ಮಾಡಿದ್ದು) ಹೂಗಳು, ಎರಡೂ ಮನೆಯವರು ಸೇರಿ 12 ಜನರಿಗೆ ಕೋಟಿಗೆ ಚುಚ್ಚಿಕೊಳ್ಳುವ ಹೂ, ಒಂದು ಪುಟ್ಟ ಕೈಚೀಲ, ಸಂಜೆ ಹೊದ್ದುಕೊಳ್ಳಲು ಒಂದು ತೆಳು ಶಾಲು. ಎಲ್ಲವನ್ನೂ ನಾನೇ ಕೈಯಾರೆ ಮಾಡಬೇಕು.

ನನ್ನ ಅನುಭವ ಹೇಳಿಬಿಡುತ್ತೇನೆ. ಎರಡು ವರ್ಷದಿಂದ ಸೂಜಿಯಲ್ಲಿ ಚುಚ್ಚಿ ಗೊಂಬೆ ಮಾಡುತ್ತಿದ್ದೇನೆ. ಮೊಲ, ಗುಬ್ಬಿ, ಒಂದು ಆನೆ. ಆನೆಯನ್ನು ನೋಡಿದವರೆಲ್ಲ ಹಂದಿ ಚೆನ್ನಾಗಿದೆ ಅಂದರು. ಸೋಪು ನೀರಿನ ಫೆಲ್ಟಿಂಗ್ ಒಂದೇ ಒಂದು ಸಲ ಮಾಡಿದ್ದೇನೆ, ಅದೂ ಬರೀ ಉಂಡೆ.

ಕೋಟಿನ ಹೂವಿಗೆ ಗುಲಾಬಿ ಅಂದುಕೊಂಡಿದ್ದೇನೆ. ಒಂದು ಮಾಡಿ ನೋಡಿದೆ, ನಾಲ್ಕು ಗಂಟೆ ಹಿಡಿಯಿತು. ಕೈ ಬಿದ್ದುಹೋಯಿತು. ಹೇಗೆ ಶುರು ಮಾಡಲಿ?

ಸೂಜಿಮೊನೆ
ಮೊದಲು ಲೆಕ್ಕ ಹಾಕಿ. 12 ಗುಲಾಬಿ, ಒಂದಕ್ಕೆ 4 ಗಂಟೆ, ಅಲ್ಲಿಗೆ 48 ಗಂಟೆ. ಇನ್ನೂ ಮುಡಿಯ ಹೂ ಮುಟ್ಟಿಲ್ಲ, ಚೀಲ ಮುಟ್ಟಿಲ್ಲ, ಶಾಲು ಮುಟ್ಟಿಲ್ಲ. ಗುಲಾಬಿ ಬಿಡಿ. ಐದು ಎಸಳಿನ ಸರಳ ಹೂ ಮಾಡಿ. ಎರಡು ಗಜ ದೂರದಿಂದ ನೋಡುವವರಿಗೆ ಬಣ್ಣ ಮತ್ತು ಆಕಾರ ಕಾಣುತ್ತದೆ, ಎಸಳಿನ ಮಡಿಕೆ ಕಾಣುವುದಿಲ್ಲ.

ಎರಡನೆಯದು, ಯಾವ ಸೂಜಿ ಹಿಡಿದಿದ್ದೀರಿ? ನಾಲ್ಕು ಗಂಟೆ ಹಿಡಿಯಿತು ಅಂದರೆ ನನ್ನ ಅನುಮಾನ, ಶುರುವಿನಿಂದ ಕೊನೆವರೆಗೂ ಒಂದೇ ಸಣ್ಣ ಸೂಜಿ. ಸೂಜಿಯ ನಂಬರ್ ಏರಿದಷ್ಟೂ ಸೂಜಿ ಸಣ್ಣ. 36ನೇ ನಂಬರಿನಲ್ಲಿ ಒಳಗಿನ ಗಟ್ಟಿ ಭಾಗ ಬೇಗ ಕೂರಿಸಿ. 38ರಲ್ಲಿ ಆಕಾರ ತನ್ನಿ. ಕೊನೆಗೆ 40ರಲ್ಲಿ ಮೇಲ್ಮೈ ನಯ ಮಾಡಿ. ಶುರುವಿನಲ್ಲಿ ಆಳಕ್ಕೆ ಚುಚ್ಚಬೇಕು, ಕೊನೆಕೊನೆಗೆ ಮೇಲೆ ಮೇಲೆ ಸಾಕು. ಒಳಗಿನ ಉಂಡೆಗೆ ಮೆರಿನೋ ಅನ್ನುವ ನಯವಾದ ಉಣ್ಣೆ ಹಾಕಬೇಡಿ. ಒರಟು ಉಣ್ಣೆ ಹಾಕಿ, ಅದು ಸೂಜಿಗೆ ಬೇಗ ಗಟ್ಟಿಯಾಗುತ್ತದೆ.

ಸೋಪುನೀರು
ಸೂಜಿಮೊನೆಯವರ ಲೆಕ್ಕ ಸರಿ. ದಾರಿ ಮಾತ್ರ ಪೂರ್ತಿ ಒಪ್ಪಲಾರೆ. ಎಸಳನ್ನು ಒಂದೊಂದಾಗಿ ಸೂಜಿಯಲ್ಲಿ ಚುಚ್ಚಿ ಯಾಕೆ ಕೂರಬೇಕು? ಸೋಪು ನೀರಿನಲ್ಲಿ ಒಂದು ದೊಡ್ಡ ಹಾಳೆ ಮಾಡಿ, ಒಣಗಿಸಿ, ಕತ್ತರಿಯಲ್ಲಿ ಎಸಳು ಕತ್ತರಿಸಿ. ಫೆಲ್ಟ್ ನೇಯ್ದ ಬಟ್ಟೆ ಅಲ್ಲ, ಅದರಲ್ಲಿ ಹಾಸು ಹೊಕ್ಕು ಎರಡೂ ಇಲ್ಲ. ಹಾಗಾಗಿ ಕತ್ತರಿಸಿದ ಅಂಚು ಬಿಚ್ಚಿಕೊಳ್ಳುವುದಿಲ್ಲ. ಅಂಚು ಹೊಲಿಯುವ ಕೆಲಸವೂ ಉಳಿಯಿತು. 40 ಸೆಂಟಿಮೀಟರ್ ಚೌಕದ ಒಂದು ಹಾಳೆಯಲ್ಲಿ 12 ಹೂವಿನ ಎಸಳೂ ಬಂದುಬಿಡುತ್ತದೆ, ಎಲೆಗೂ ಜಾಗ ಉಳಿಯುತ್ತದೆ.

ಮಾಡುವ ರೀತಿ ಇಷ್ಟು. ಮೇಜಿನ ಮೇಲೆ ಬಬಲ್ ವ್ರ್ಯಾಪ್, ಗುಳ್ಳೆ ಮೇಲ್ಮುಖ. ಉಣ್ಣೆಯ ಎಳೆಗಳನ್ನು ತೆಳ್ಳಗೆ ಎಳೆದು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಸ್ವಲ್ಪ ಏರಿಸುತ್ತಾ ಹಾಸಿ. ಮೊದಲ ಪದರ ಅಡ್ಡ, ಎರಡನೆಯದು ಉದ್ದ. ಹಾಳೆಗೆ ಮೂರು ನಾಲ್ಕು ಪದರ ಬೇಕು. ಮೇಲೆ ತೆಳುವಾದ ನೈಲಾನ್ ಜಾಲರಿ ಹಾಕಿ ಬೆಚ್ಚಗಿನ ಸೋಪು ನೀರು ಚಿಮುಕಿಸಿ, ಗಾಳಿ ಹೋಗುವ ತನಕ ಅಂಗೈಯಲ್ಲಿ ಒತ್ತಿ. ಆಮೇಲೆ ಹಗುರವಾಗಿ ಉಜ್ಜಿ. ಹಗುರ ಅಂದರೆ ಮಗುವಿನ ಕೆನ್ನೆ ಒರೆಸಿದ ಹಾಗೆ. ಹತ್ತು ನಿಮಿಷ ಆದಮೇಲೆ ಎರಡು ಬೆರಳಲ್ಲಿ ಚಿವುಟಿ ಎತ್ತಿ ನೋಡಿ. ಬಿಡಿ ಎಳೆ ಎದ್ದು ಬಂದರೆ ಇನ್ನೂ ಉಜ್ಜಬೇಕು. ಇಡೀ ಹಾಳೆಯೇ ಎದ್ದು ಬಂದರೆ ಸುತ್ತಿ ಉರುಳಿಸುವ ಹೊತ್ತು ಬಂತು ಅಂತ.

ಹೊಸಕೈ
ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಮನೆಯಲ್ಲಿ ಸ್ವೆಟರ್ ಹೆಣೆದು ಉಳಿದ ಉಣ್ಣೆ ದಾರ ರಾಶಿ ಇದೆ. ಅದನ್ನೇ ಬಿಡಿಸಿ ಬಳಸಬಹುದಾ? ಲೇಬಲ್ ಮೇಲೆ ಶುದ್ಧ ಉಣ್ಣೆ, ಮೆಷಿನ್ ವಾಶ್ ಅಂತಿದೆ.

ಸೂಜಿಮೊನೆ
ಮೆಷಿನ್ ವಾಶ್ ಅಂತ ಇದ್ದರೆ ಬೇಡ. ಅದು ಸೂಪರ್‌ವಾಶ್ ಉಣ್ಣೆ. ಉಣ್ಣೆಯ ಎಳೆಯ ಮೇಲೆ ಮೀನಿನ ಹಾಗೆ ಸಣ್ಣ ಸಣ್ಣ ಹುರುಪೆ ಇರುತ್ತದೆ, ಎಲ್ಲವೂ ಬುಡದಿಂದ ತುದಿಯ ಕಡೆಗೆ ಮುಖ ಮಾಡಿ. ಬೆಚ್ಚಗಿನ ಸೋಪು ನೀರು ಬಿದ್ದಾಗ ಅವು ಸ್ವಲ್ಪ ಎದ್ದು ನಿಲ್ಲುತ್ತವೆ. ಉಜ್ಜಿದಾಗ ಎಳೆ ಬುಡದ ಕಡೆಗೆ ಮಾತ್ರ ಜಾರುತ್ತದೆ, ಹಿಂದಕ್ಕೆ ಬರಲಾರದು. ಹೀಗೆ ಒಂದಕ್ಕೊಂದು ಸಿಕ್ಕಿಕೊಂಡು ಹೋಗುತ್ತಾ ಹೋಗುತ್ತಾ ಫೆಲ್ಟ್ ಆಗುತ್ತದೆ. ಸೂಪರ್‌ವಾಶ್‌ನಲ್ಲಿ ಆ ಹುರುಪೆಯನ್ನು ಕ್ಲೋರಿನ್‌ನಲ್ಲಿ ಸವೆಸಿರುತ್ತಾರೆ, ಇಲ್ಲಾ ಮೇಲೆ ತೆಳು ಪ್ಲಾಸ್ಟಿಕ್ ಲೇಪ ಕೊಟ್ಟಿರುತ್ತಾರೆ, ಎಷ್ಟೋ ಸಲ ಎರಡೂ. ಎಷ್ಟು ಉಜ್ಜಿದರೂ ನಿಮ್ಮ ಕೈ ಕೆಂಪಾಗುತ್ತದೆ ಅಷ್ಟೇ.

ಲೇಬಲ್ ಇಲ್ಲದ ಉಣ್ಣೆ ಇದ್ದರೆ ಒಂದು ಎಳೆ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್. ಸೂಪರ್‌ವಾಶ್ ಹೌದೋ ಅಲ್ಲವೋ ಅನ್ನುವುದು ಸುಟ್ಟರೆ ತಿಳಿಯುವುದಿಲ್ಲ. ಅಂಗೈಯಲ್ಲಿ ಸೋಪು ಹಾಕಿ ಉಂಡೆ ಕಟ್ಟಿ ನೋಡಬೇಕು.

ಬಣ್ಣದಬಟ್ಟಲು
ಯಾರೂ ಬಣ್ಣದ ಮಾತೇ ಎತ್ತಲಿಲ್ಲವಲ್ಲ. ಉಣ್ಣೆಉಂಡೆ ಅವರೇ, ತಂಗಿಯ ಉಡುಪು ಯಾವ ಬಣ್ಣ? ಬಿಳಿ ಆಗಿದ್ದರೆ ಎಂಥ ಬಿಳಿ?

ಉಣ್ಣೆಉಂಡೆ
ಕೆನೆ ಬಣ್ಣದ ರೇಷ್ಮೆ. ಮುಡಿಯ ಹೂ ಬಿಳಿ, ಮಧ್ಯದಲ್ಲಿ ಕಡು ಕೆಂಪು. ಕೋಟಿನ ಹೂ ಕಡು ಕೆಂಪು.

ಬಣ್ಣದಬಟ್ಟಲು
ಕೆನೆ ಬಣ್ಣ ಅಂದಿರಿ, ಬಚಾವ್. ಬಣ್ಣ ಹಾಕದ ಉಣ್ಣೆ ಯಾವತ್ತೂ ಹಾಲಿನ ಬಿಳಿ ಅಲ್ಲ, ಒಂದು ಚೂರು ಹಳದಿ ಇದ್ದೇ ಇರುತ್ತದೆ. ಅಚ್ಚ ಬಿಳಿ ಬಟ್ಟೆಯ ಪಕ್ಕ ಇಟ್ಟರೆ ಹಳೆಯದರ ಹಾಗೆ ಕಾಣುತ್ತದೆ. ಕೆನೆ ಬಣ್ಣಕ್ಕೆ ಹೊಂದುತ್ತದೆ. ಆದರೂ ಉಡುಪಿನ ಒಂದು ಚೂರು ಬಟ್ಟೆ ತಂದು ಹಗಲು ಬೆಳಕಲ್ಲಿ ಪಕ್ಕದಲ್ಲಿಟ್ಟು ನೋಡಿ. ರಾತ್ರಿ ದೀಪದಲ್ಲಿ ನೋಡಿ ತೀರ್ಮಾನ ಮಾಡಬೇಡಿ.

ನನಗೆ ಭಯ ಇರುವುದು ಆ ಕಡು ಕೆಂಪಿನ ಮೇಲೆ. ರೇಷ್ಮೆಯ ಪಕ್ಕ ಕೆಂಪು ಉಣ್ಣೆ, ಬೆವರು, ಒಂದು ಹನಿ ನೀರು. ಕಥೆ ಮುಗಿಯಿತು. ಹೀಗೆ ಪರೀಕ್ಷೆ ಮಾಡಿ. ಒಂದು ಚಿಟಿಕೆ ಕೆಂಪು ಉಣ್ಣೆಯನ್ನು ಬೆಚ್ಚಗಿನ ಸೋಪು ನೀರಲ್ಲಿ ನೆನೆಸಿ, ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಮೇಲೆ ಭಾರ ಇಟ್ಟು ರಾತ್ರಿಯೆಲ್ಲ ಬಿಡಿ. ಬೆಳಗ್ಗೆ ಬಟ್ಟೆ ಗುಲಾಬಿಯಾಗಿದ್ದರೆ ಆ ಉಣ್ಣೆ ಮದುವೆಗೆ ಬೇಡ.

ತಣ್ಣನೆಯ ವಿನೆಗರ್ ನೀರಿನಲ್ಲಿ ಅದ್ದಿದರೆ ಬಣ್ಣ ನಿಲ್ಲುತ್ತದೆ ಅಂತ ಜನ ಹೇಳುತ್ತಾರೆ, ನಂಬಬೇಡಿ. ಉಣ್ಣೆಗೆ ಹಾಕುವ ಆಸಿಡ್ ಬಣ್ಣ ಕೂರಬೇಕಾದರೆ ಹುಳಿಯ ಜೊತೆ ಕಾವೂ ಬೇಕು. ಕುದಿಯ ಹತ್ತಿರ, 85–90 ಡಿಗ್ರಿಯಲ್ಲಿ ಅರ್ಧ ಗಂಟೆಯಾದರೂ ಇರಬೇಕು. ಕದಡಬಾರದು, ಕದಡಿದರೆ ಪಾತ್ರೆಯಲ್ಲೇ ಫೆಲ್ಟ್. ಆಮೇಲೆ ಅದೇ ನೀರಿನಲ್ಲಿ ತಾನಾಗಿ ಆರಬೇಕು.

ಸೋಪುನೀರು
ಇದಕ್ಕೆ ಒಂದು ಸೇರಿಸುತ್ತೇನೆ. ಸೋಪು ಕ್ಷಾರ, ಅದು ಸಡಿಲ ಬಣ್ಣವನ್ನು ಇನ್ನೂ ಎಬ್ಬಿಸುತ್ತದೆ. ಹಾಗಾಗಿ ಸೂಜಿ ಕೆಲಸದಲ್ಲಿ ತೆಪ್ಪಗಿದ್ದ ಕೆಂಪು ನೀರಿನ ಕೆಲಸದಲ್ಲಿ ಬಿಡಬಹುದು. ಬಿಳಿ ಮತ್ತು ಕೆಂಪನ್ನು ಒಂದೇ ಹಾಳೆಯಲ್ಲಿ ಹಾಸಬೇಡಿ. ಬೇರೆ ಬೇರೆ ಮಾಡಿ ಒಣಗಿದ ಮೇಲೆ ಜೋಡಿಸಿ.

ಕೊನೆಯ ಜಾಲಾಡುವ ನೀರಿಗೆ ಒಂದು ಚಮಚ ವಿನೆಗರ್ ಹಾಕುವುದು ಮಾತ್ರ ಒಳ್ಳೆಯದೇ. ಅದು ಬಣ್ಣಕ್ಕಲ್ಲ, ಉಳಿದ ಕ್ಷಾರ ತೆಗೆಯಲು. ಸೋಪು ಉಳಿದರೆ ಉಣ್ಣೆ ಕ್ರಮೇಣ ಒರಟಾಗುತ್ತದೆ.

ಉಣ್ಣೆಉಂಡೆ
ಪರೀಕ್ಷೆ ಮಾಡಿದೆ. ಒಂದು ಕೆಂಪು ಫೇಲ್, ಇನ್ನೊಂದು ಪಾಸ್. ಫೇಲ್ ಆದದ್ದೇ ನನಗೆ ಇಷ್ಟವಾದ ಕೆಂಪು, ಏನು ಮಾಡೋದು.

ಈಗ ಶಾಲಿನ ಪ್ರಶ್ನೆ. ರೇಷ್ಮೆ ಶಿಫಾನ್ ಮೇಲೆ ಉಣ್ಣೆ ಹಾಸಿ ಮಾಡುವ ನೂನೋ ಅಂತ ನೋಡಿದ್ದೇನೆ. 180 ಸೆಂಟಿಮೀಟರ್ ಉದ್ದ, 45 ಅಗಲ ಬೇಕು. ಎಷ್ಟು ದೊಡ್ಡದಾಗಿ ಹಾಸಬೇಕು? ಎಲ್ಲರೂ 30ರಿಂದ 50 ಶೇಕಡಾ ಕುಗ್ಗುತ್ತದೆ ಅನ್ನುತ್ತಾರೆ. 30ಕ್ಕೂ 50ಕ್ಕೂ ನಡುವೆ ಒಂದು ಇಡೀ ಶಾಲು ಕಳೆದುಹೋಗುತ್ತಲ್ಲ!

ಸೋಪುನೀರು
ಯಾರ ಸಂಖ್ಯೆಯನ್ನೂ ತೆಗೆದುಕೊಳ್ಳಬೇಡಿ, ನನ್ನದನ್ನೂ. ನಿಮ್ಮ ಉಣ್ಣೆ, ನಿಮ್ಮ ಬಟ್ಟೆ, ನಿಮ್ಮ ಕೈ. 30×30 ಸೆಂಟಿಮೀಟರಿನ ಒಂದು ಮಾದರಿ ಚೂರು ಮಾಡಿ. ಅದೇ ಶಿಫಾನ್, ಅದೇ ಉಣ್ಣೆ, ಅದೇ ತೆಳು. ಪೂರ್ತಿ ಮುಗಿಸಿ, ಒಣಗಿಸಿ, ಅಳೆಯಿರಿ. ಉದ್ದ 20 ಬಂತು, ಅಗಲ 18 ಬಂತು ಅಂತಿಟ್ಟುಕೊಳ್ಳಿ. 180ನ್ನು 20ರಿಂದ ಭಾಗಿಸಿ 30ರಿಂದ ಗುಣಿಸಿ, 270. 45ನ್ನು 18ರಿಂದ ಭಾಗಿಸಿ 30ರಿಂದ ಗುಣಿಸಿ, 75. ಅಲ್ಲಿಗೆ 270×75 ಹಾಸಬೇಕು. ಉದ್ದ ಅಗಲ ಒಂದೇ ಸಮ ಕುಗ್ಗುವುದಿಲ್ಲ, ನೀವು ಯಾವ ಕಡೆ ಜಾಸ್ತಿ ಉರುಳಿಸುತ್ತೀರೋ ಆ ಕಡೆ ಜಾಸ್ತಿ. ಅದಕ್ಕೇ ಮಾದರಿಯ ಒಂದು ಮೂಲೆಗೆ ದಾರದ ಗುರುತು ಹಾಕಿ, ಯಾವುದು ಉದ್ದ ಯಾವುದು ಅಗಲ ಮರೆಯದಿರಲಿ.

ನೂನೋ ಅಂದರೆ ಜಪಾನಿ ಭಾಷೆಯಲ್ಲಿ ಬಟ್ಟೆ. ಕೆಲಸ ಮಾತ್ರ 1990ರ ದಶಕದ ಶುರುವಿನಲ್ಲಿ ಆಸ್ಟ್ರೇಲಿಯಾದಲ್ಲಿ ಪಾಲಿ ಸ್ಟರ್ಲಿಂಗ್ ಅವರ ಕೈಯಲ್ಲಿ ರೂಪ ಪಡೆದದ್ದು. ಬಿಸಿ ಸೀಮೆಯಲ್ಲೂ ಹಾಕಿಕೊಳ್ಳುವಷ್ಟು ಹಗುರ ಫೆಲ್ಟ್ ಬೇಕಿತ್ತು. ಆ ಹಗುರ ಉಳಿಯಬೇಕಾದರೆ ಉಣ್ಣೆ ಕಡಿಮೆ ಇರಬೇಕು. 270×75ಕ್ಕೆ 60–80 ಗ್ರಾಂ ಮೆರಿನೋ, ಅದಕ್ಕಿಂತ ಮೇಲೆ ಬೇಡ. ಹಾಸಿದ ಮೇಲೆ ಕೆಳಗಿನ ಬಟ್ಟೆ ಕಾಣುತ್ತಿರಬೇಕು. ಬಟ್ಟೆ ಆರಿಸುವಾಗ ಬಾಯಿಗೆ ಒತ್ತಿ ಊದಿ ನೋಡಿ. ಉಸಿರು ಸಲೀಸಾಗಿ ಆಚೆ ಬಂದರೆ ಎಳೆಯೂ ಆಚೆ ಹೋಗುತ್ತದೆ.

ಇನ್ನೊಂದು, ಇದು ಬಹಳ ಮುಖ್ಯ. ಶುರುವಿನಲ್ಲಿ ಬಿಸಿ ನೀರು ಬೇಡ. ಉಗುರುಬೆಚ್ಚಗೂ ಬೇಡ, ತಣ್ಣಗೆ ಇರಲಿ. ಎಳೆಗಳು ಶಿಫಾನಿನ ಸಂದಿಯಲ್ಲಿ ತೂರಿ ಹಿಂದುಗಡೆ ನವಿರು ಕೂದಲ ಹಾಗೆ ಕಾಣುವ ತನಕ ತಾಳ್ಮೆ. ಆಮೇಲೆ ಬಿಸಿ, ಆಮೇಲೆ ಬಡಿತ. ಅವಸರ ಮಾಡಿದರೆ ಉಣ್ಣೆ ಬಟ್ಟೆಯನ್ನು ಹಿಡಿಯದೆ ತನ್ನಷ್ಟಕ್ಕೆ ತಾನು ಗಟ್ಟಿಯಾಗುತ್ತದೆ.

ಹಳೆಗತ್ತರಿ
ನಾನು ಹೊಲಿಗೆಯವನು, ಫೆಲ್ಟ್ ನನ್ನ ಕಸುಬಲ್ಲ. ಹೂವನ್ನು ಕೋಟಿಗೆ ಹೇಗೆ ನಿಲ್ಲಿಸುತ್ತೀರಿ ಅಂತ ಯಾರೂ ಕೇಳಲೇ ಇಲ್ಲ.

ಉಣ್ಣೆಉಂಡೆ
ಹಿಂದೆ ಬ್ರೋಚ್ ಪಿನ್ ಅಂಟಿಸೋಣ ಅಂತಿದ್ದೆ ಅಣ್ಣ. ಗ್ಲೂ ಗನ್ ಇದೆ.

ಹಳೆಗತ್ತರಿ
ಬೇಡಮ್ಮ. ಬಿಸಿ ಅಂಟು ಉಣ್ಣೆಯ ಮೇಲಿನ ಎಳೆಗಷ್ಟೇ ಹಿಡಿಯುತ್ತದೆ. ಎಳೆದರೆ ಪಿನ್ನು, ಅಂಟು, ಒಂದು ಹಿಡಿ ಕೂದಲು, ಮೂರೂ ಒಟ್ಟಿಗೆ ಕಿತ್ತು ಬರುತ್ತವೆ. ಕಾವಿಗೆ ಮೆತ್ತಗೂ ಆಗುತ್ತದೆ. ಹೂವಿನ ಹಿಂದೆ ಒಂದು ದುಂಡನೆಯ ಫೆಲ್ಟ್ ಬಿಲ್ಲೆ ಇಡಿ. ಪಿನ್ನನ್ನು ಮೊದಲು ಆ ಬಿಲ್ಲೆಗೆ ದಾರದಲ್ಲಿ ಗಟ್ಟಿಯಾಗಿ ಹೊಲಿದು, ಆಮೇಲೆ ಬಿಲ್ಲೆಯನ್ನು ಹೂವಿಗೆ ಸುತ್ತಲೂ ಹೊಲಿಯಿರಿ. ಪಿನ್ನು ಹೂವಿನ ನಡುಮಧ್ಯ ಬೇಡ, ಸ್ವಲ್ಪ ಮೇಲೆ ಇರಲಿ. ಮಧ್ಯದಲ್ಲಿ ಇಟ್ಟರೆ ಹೂ ಮುಂದಕ್ಕೆ ತಲೆ ಬಾಗಿಸಿ ನೆಲ ನೋಡುತ್ತದೆ. ಭಾರ 10 ಗ್ರಾಂ ದಾಟದಿರಲಿ.

ತೆಳು ರೇಷ್ಮೆಗೆ ಚುಚ್ಚುವುದಾದರೆ ಬಟ್ಟೆಯ ಒಳಗಡೆ ಇನ್ನೊಂದು ಸಣ್ಣ ಫೆಲ್ಟ್ ಚೂರು ಇಟ್ಟು ಎರಡನ್ನೂ ಸೇರಿಸಿ ಚುಚ್ಚಿ. ಭಾರ ಬಟ್ಟೆ ಮೇಲೆ ಬೀಳುವುದಿಲ್ಲ, ತೂತು ಹಿಗ್ಗುವುದಿಲ್ಲ.

ಹೊಸಕೈ
ಮ್ಯಾಗ್ನೆಟ್ ಹಾಕಿದರೆ ತೂತೇ ಬೇಡವಲ್ಲ?

ಹಳೆಗತ್ತರಿ
ಹಾಕಬಹುದು. ಆದರೆ ಎದೆಯ ಮೇಲೆ ಹಾಕುವ ವಸ್ತು. 12 ಜನರಲ್ಲಿ ಯಾರಿಗಾದರೂ ಪೇಸ್‌ಮೇಕರ್ ಇದೆಯಾ ಅಂತ ಮೊದಲು ಕೇಳಿ. ಇದ್ದವರಿಗೆ ಮ್ಯಾಗ್ನೆಟ್ ಕೂಡದು. ಮದುವೆ ಅಂದರೆ ಅಜ್ಜಂದಿರು ಇರುತ್ತಾರೆ.

ಸೂಜಿಮೊನೆ
ಅಂಟಿನ ವಿಷಯದಲ್ಲಿ ನೂರಕ್ಕೆ ನೂರು ಒಪ್ಪುತ್ತೇನೆ. ನನ್ನ ಮೊದಲ ಮದುವೆ ಆರ್ಡರ್‌ನಲ್ಲಿ ಮುಡಿಯ ಕ್ಲಿಪ್ಪುಗಳನ್ನು ಅಂಟಿಸಿ ಕೊಟ್ಟಿದ್ದೆ. ಫೋಟೋ ತೆಗೆಯುವ ಹೊತ್ತಿಗೆ ಒಂದು ಹೂ ಮದುಮಗಳ ಹೆಗಲ ಮೇಲೆ ಕೂತಿತ್ತು. ಆಮೇಲೆ ಅಂಟು ಮುಟ್ಟಿಲ್ಲ.

ಮುಡಿಗೆ ಬಾಚಣಿಗೆ ತರಹದ ಕ್ಲಿಪ್ ತೆಗೆದುಕೊಳ್ಳಿ. ಅದರ ಹಲ್ಲುಗಳ ಮಧ್ಯೆ ದಾರ ಹಾಯಿಸಿ ಹೊಲಿಯಲು ಜಾಗ ಇರುತ್ತದೆ. ಹೂವಿಗೆ ದಂಟು ಬೇಕಾದರೆ ಬರೀ ತಂತಿ ಬೇಡ, ಉಣ್ಣೆ ಜಾರುತ್ತದೆ. ಪೈಪ್ ಕ್ಲೀನರ್ ಅಂತ ಸಿಗುವ ರೋಮದ ತಂತಿಗೆ ಉಣ್ಣೆ ಸುತ್ತಿ. ತುದಿಯನ್ನು ಮೊದಲೇ ಮಡಚಿಬಿಡಿ, ಇಲ್ಲದಿದ್ದರೆ ತಲೆಗೆ ಚುಚ್ಚುತ್ತದೆ. ಮತ್ತೆ ತಂತಿ ಇರುವ ಕಡೆ ಸೂಜಿ ಜೋಪಾನ, ತಂತಿಗೆ ತಾಗಿದರೆ ಟಪ್ ಅಂತ ಮುರಿಯುತ್ತದೆ.

ಉಣ್ಣೆಉಂಡೆ (ಮೂರನೇ ವಾರ)
ಮುರಿಯಿತು. ನೀವು ಹೇಳಿದ ಮಾರನೇ ದಿನವೇ. ಮುಡಿಯ ದೊಡ್ಡ ಹೂವಿನ ಒಳಗೆ ಮೊನೆ ಉಳಿದುಕೊಂಡಿದೆ. ಹೊರಗೆ ಏನೂ ಕಾಣುವುದಿಲ್ಲ. ಹೂ ಎಷ್ಟು ಚೆನ್ನಾಗಿ ಬಂದಿತ್ತು ಗೊತ್ತಾ? ಒಳಗಿದ್ದರೆ ಇರಲಿ ಬಿಡಿ ಅಂತ ಬಿಡಬಹುದಾ?

ಸೂಜಿಮೊನೆ
ಬಿಡಬಾರದು. ತಲೆಯ ಮೇಲೆ ಇಡುವ ವಸ್ತು ಅದು. ಒತ್ತಿದಾಗ, ತಲೆ ಒರಗಿಸಿದಾಗ ಮೊನೆ ಹೊರಗೆ ಬರುತ್ತದೆ, ಅದರ ಮೇಲೆ ಕಚ್ಚುಗಳು ಬೇರೆ. ಗಟ್ಟಿ ಮ್ಯಾಗ್ನೆಟ್ ಇದ್ದರೆ ಹೂವಿನ ಸುತ್ತ ಆಡಿಸಿ ಯಾವ ಕಡೆ ಎಳೆಯುತ್ತದೆ ನೋಡಿ, ಅಲ್ಲಿ ಬಿಡಿಸಿ ಹುಡುಕಿ. ಸಿಕ್ಕಿದ ಚೂರನ್ನು ಮುರಿದ ಸೂಜಿಯ ಜೊತೆ ಜೋಡಿಸಿ ಪೂರ್ತಿ ಇದೆಯಾ ಅಂತ ಅಳೆಯಿರಿ. ಸಿಗದಿದ್ದರೆ ಹೂ ಎಸೆಯಿರಿ. ಬೇಜಾರಾಗುತ್ತದೆ, ಆದರೂ ಎಸೆಯಿರಿ.

ಮುರಿಯುವುದಕ್ಕೆ ಮುಖ್ಯ ಕಾರಣ ಓರೆ. ಯಾವ ಕೋನದಲ್ಲಿ ಒಳಗೆ ಹೋಯಿತೋ ಅದೇ ಕೋನದಲ್ಲಿ ಹೊರಗೆ ಬರಬೇಕು. ಒಳಗಿರುವಾಗ ಸೂಜಿಯನ್ನು ಸನ್ನೆಗೋಲಿನ ಹಾಗೆ ಎತ್ತಬಾರದು.

ಉಣ್ಣೆಉಂಡೆ
ಸಿಕ್ಕಿತು. ಫ್ರಿಜ್‌ ಬಾಗಿಲಿನ ಮ್ಯಾಗ್ನೆಟ್‌ ಸಾಲಲಿಲ್ಲ, ಹಳೆಯ ಸ್ಪೀಕರ್ ಬಿಚ್ಚಿದೆ. 6 ಮಿಲಿಮೀಟರ್ ಚೂರು. ಹೂ ಅರ್ಧ ಬಿಚ್ಚಿಹೋಯಿತು, ಸೂಜಿಯ ಮೇಲಿನ ನನ್ನ ನಂಬಿಕೆಯೂ.

ಬಣ್ಣದಬಟ್ಟಲು
ಸ್ಪೀಕರ್ ಮದುವೆಗೆ ಬೇಕಾಗಿತ್ತಾ ನೋಡಿ :)

ತೆಳುಎಳೆ
ನನ್ನದೊಂದು ಸಣ್ಣ ಎಚ್ಚರಿಕೆ. ಕೋಟು ಕಪ್ಪು ಬಣ್ಣದ್ದಾದರೆ ಹೂವಿನ ನವಿರು ಎಳೆಗಳು ಉದುರಿ ಅದರ ಮೇಲೆ ಕೂರುತ್ತವೆ. ಹೂ ಮುಗಿದ ಮೇಲೆ 40ನೇ ಸೂಜಿಯಲ್ಲಿ ಮೇಲೆ ಮೇಲೆ ಒಂದು ಸುತ್ತು ಚುಚ್ಚಿ. ಒಂದು ಹನಿ ಸೋಪು ನೀರು ಅಂಗೈಗೆ ಹಚ್ಚಿ ಮೆಲ್ಲಗೆ ಸವರಿ. ಒಣಗಿದ ಮೇಲೆ ಎದ್ದು ನಿಂತ ಕೂದಲನ್ನು ಸಣ್ಣ ಕತ್ತರಿಯಲ್ಲಿ ಸಮ ಮಾಡಿ. ಆಮೇಲೆ ಹೂವಿನ ಮೇಲೆ ಸೆಲ್ಲೋ ಟೇಪ್ ಮೆಲ್ಲಗೆ ಒತ್ತಿ ಎತ್ತಿ ನೋಡಿ. ಟೇಪಿಗೆ ಎಳೆ ಹತ್ತದೇ ಇದ್ದರೆ ಹೂ ಸಿದ್ಧ. ಗೊಂಬೆಗೂ ಮದುವೆ ಹೂವಿಗೂ ಇರುವ ವ್ಯತ್ಯಾಸ ಇಷ್ಟೇ. ಗೊಂಬೆ ಕಪಾಟಿನಲ್ಲಿ ಕೂತಿರುತ್ತದೆ, ಹೂವನ್ನು ಇಡೀ ದಿನ ಜನ ಅಪ್ಪಿಕೊಳ್ಳುತ್ತಾರೆ.

ಉಣ್ಣೆಉಂಡೆ (ಐದನೇ ವಾರ)
ಅಳು ಬರುತ್ತಿದೆ. ಶಾಲು ಹೋಯಿತು.

ಮಾದರಿ ಚೂರು ಮಾಡಿದ್ದೆ, ಅದು ಚೆನ್ನಾಗಿ ಬಂದಿತ್ತು. 30ಕ್ಕೆ 21 ಮತ್ತು 19. ಲೆಕ್ಕ ಹಾಕಿ 257×71 ಹಾಸಿದೆ. ಆದರೆ ಅಷ್ಟು ದೊಡ್ಡದನ್ನು ಹಾಸುವಾಗ ತೂತು ಬಿದ್ದೀತು ಅಂತ ಹೆದರಿಕೆಯಾಯಿತು. ಇಲ್ಲೊಂದು ಚೂರು, ಅಲ್ಲೊಂದು ಚೂರು ಸೇರಿಸುತ್ತಾ ಹೋದೆ. ಕೊನೆಗೆ ಉಳಿದ ಉಣ್ಣೆ ತೂಗಿದರೆ ನಾನು ಬಳಸಿದ್ದು 190 ಗ್ರಾಂ! ಸಂಜೆಯಾಗಿತ್ತು, ಬೇಗ ಮುಗಿಯಲಿ ಅಂತ ಬಿಸಿ ನೀರು ಸುರಿದೆ. ಈಗ ಶಾಲು ಕಾಲೊರೆಸುವ ಚಾಪೆಯ ಹಾಗಿದೆ. ಹೆಗಲ ಮೇಲೆ ಹಾಕಿದರೆ ಬೀಳುವುದಿಲ್ಲ, ನಿಲ್ಲುತ್ತದೆ. ಒಂದು ಕಡೆಯಿಂದ ಉಣ್ಣೆ ರೇಷ್ಮೆಯನ್ನು ಬಿಟ್ಟು ಸಿಪ್ಪೆಯ ಹಾಗೆ ಏಳುತ್ತಿದೆ.

ಮತ್ತೆ ನೆನೆಸಿ ಎಳೆದರೆ ಸಡಿಲ ಆಗುತ್ತದಾ?

ಸೋಪುನೀರು
ಆಗುವುದಿಲ್ಲ. ಒದ್ದೆ ಇರುವಾಗ ಎಳೆದರೆ ಆಕಾರ ಸ್ವಲ್ಪ ಹಿಗ್ಗಬಹುದು, ದಪ್ಪ ಇಳಿಯುವುದಿಲ್ಲ. ಹುರುಪೆಗಳು ಒಂದಕ್ಕೊಂದು ಕಚ್ಚಿಕೊಂಡಾಯಿತು. ಹೆಣಿಗೆ ಬಿಚ್ಚಬಹುದು, ನೇಯ್ಗೆಯನ್ನೂ ಕಷ್ಟಪಟ್ಟು ಬಿಚ್ಚಬಹುದು, ಫೆಲ್ಟ್ ಬಿಚ್ಚಲಾಗದು.

ಆದರೆ ನಿಮ್ಮ ಮೇಜಿನ ಮೇಲೆ ಈಗ ಏನಿದೆ ಸ್ವಲ್ಪ ನೋಡಿ. ಬಿಗಿಯಾದ, ಒಂದೇ ಬಣ್ಣದ, ಅಂಚು ಬಿಚ್ಚದ ದೊಡ್ಡ ಹಾಳೆ. ನೀವು ಇನ್ನೂ ಮುಡಿಯ ಹೂವಿನ ಎಸಳು ಕತ್ತರಿಸಿಲ್ಲ, ಕೈಚೀಲ ಶುರು ಮಾಡಿಲ್ಲ. ಸಿಪ್ಪೆ ಏಳುತ್ತಿರುವ ಕಡೆ ನಿಧಾನಕ್ಕೆ ರೇಷ್ಮೆಯಿಂದ ಬಿಡಿಸಿ. ಅದು ಎಸಳಿಗೆ. ಗಟ್ಟಿಯಾಗಿ ಹಿಡಿದಿರುವ ಭಾಗ ಕೈಚೀಲಕ್ಕೆ, ರೇಷ್ಮೆ ಒಳಗಡೆ ಬರಲಿ. ಒಳಬಟ್ಟೆ ಪುಕ್ಕಟೆ ಸಿಕ್ಕಿತು ಅಂದುಕೊಳ್ಳಿ.

ಹಳೆಗತ್ತರಿ
ಅದು ಕತ್ತರಿಸುವ ಮುಂಚೆ ಒಂದು ದಿನ ಬಿಡಿ. ಸಿಟ್ಟಿನಲ್ಲಿ ಕತ್ತರಿ ಹಿಡಿಯಬಾರದು.

ಉಣ್ಣೆಉಂಡೆ
ಎರಡು ದಿನ ಬಿಟ್ಟೆ. ಅದರ ಮುಖ ನೋಡಲೂ ಮನಸ್ಸಾಗಲಿಲ್ಲ. ಇವತ್ತು ಬೆಳಗ್ಗೆ ಎಸಳು ಕತ್ತರಿಸಿದೆ. ಎಸಳಿನ ಬುಡದಲ್ಲಿ ಒಂದು ಸಣ್ಣ ಮಡಿಕೆ ಹಾಕಿ ಹೊಲಿದರೆ ಬಟ್ಟಲಿನ ಹಾಗೆ ತಾನಾಗಿ ನಿಲ್ಲುತ್ತದೆ! ದಪ್ಪ ಇದ್ದದ್ದಕ್ಕೇ ನಿಂತದ್ದು. ಸೂಜಿಯಲ್ಲಿ ಮಾಡಿದ ಹೂವಿಗಿಂತ ಇದು ಚೆಂದ, ಒಪ್ಪಿಕೊಳ್ಳಲು ಸ್ವಲ್ಪ ಹೊಟ್ಟೆಕಿಚ್ಚು.

ಕೆಂಪು ಹಾಳೆಯನ್ನು ಬೇರೆ ಮಾಡಿದೆ. ಕೋಟಿನ ಹೂ 12 ಅಲ್ಲ, 14 ಆಯಿತು. ಒಂದಕ್ಕೆ 40 ನಿಮಿಷ.

ಈಗ ಪ್ರಶ್ನೆ: ಶಾಲು ಬಿಟ್ಟೇಬಿಡಲಾ? ನಾಲ್ಕು ವಾರ ಇದೆ.

ಬಣ್ಣದಬಟ್ಟಲು
ಬಿಡಿ ಅಂತ ನನ್ನ ಮತ. ಹೂ ಚೆನ್ನಾಗಿ ಬಂದಿದೆ, ಅಲ್ಲಿಗೆ ನಿಲ್ಲಿಸಿ.

ಸೋಪುನೀರು
ನಾನು ಬಿಡಬೇಡಿ ಅನ್ನುತ್ತೇನೆ. ಮಾದರಿ ಸರಿ ಬಂದಿತ್ತು, ಹೆದರಿಕೆಯಿಂದ ಕೆಟ್ಟದ್ದು. ಈ ಸಲ 75 ಗ್ರಾಂ ಉಣ್ಣೆ ಮೊದಲೇ ತೂಗಿಟ್ಟುಕೊಳ್ಳಿ. ಅದನ್ನು ಎಂಟು ಭಾಗ ಮಾಡಿ, ಶಿಫಾನ್ ಮೇಲೂ ದಾರದಲ್ಲಿ ಎಂಟು ಭಾಗ ಗುರುತು ಮಾಡಿ. ಒಂದು ಭಾಗಕ್ಕೆ ಒಂದು ಗುಡ್ಡೆ. ಉಳಿದ ಉಣ್ಣೆಯನ್ನು ಬೇರೆ ಕೋಣೆಯಲ್ಲಿಡಿ. ಕೈಗೆ ಸಿಕ್ಕರೆ ಸೇರಿಸುತ್ತೀರಿ. ಬೆಳಗ್ಗೆ ಶುರು ಮಾಡಿ, ಸಂಜೆ ಸುಸ್ತಾದಾಗ ಅಲ್ಲ. ಅರ್ಧಕ್ಕೆ ನಿಲ್ಲಿಸಿ ಮಾರನೇ ದಿನ ಮುಂದುವರಿಸಿದರೂ ಏನೂ ಆಗುವುದಿಲ್ಲ.

ತೆಳುಎಳೆ
ಮೆರಿನೋ ಎಷ್ಟು ಮೈಕ್ರಾನ್, ಅಂದರೆ ಎಳೆ ಎಷ್ಟು ದಪ್ಪ ಅಂತಲೂ ನೋಡಿ. 30 ಮೈಕ್ರಾನ್‌ಗಿಂತ ದಪ್ಪ ಎಳೆ ಕುತ್ತಿಗೆಗೆ ಚುಚ್ಚುತ್ತದೆ. ಉಣ್ಣೆ ನನಗೆ ಆಗಿಬರಲ್ಲ ಅನ್ನುವವರಲ್ಲಿ ಎಷ್ಟೋ ಜನರಿಗೆ ಆಗದಿರುವುದು ಈ ಚುಚ್ಚು. ಶಾಲಿಗೆ 18–19 ಇದ್ದರೆ ಒಳ್ಳೆಯದು. ರೇಷ್ಮೆಯ ಕಡೆ ಮೈಗೆ ಬರುವ ಹಾಗೆ ಹೊದೆಯಲಿ.

ಉಣ್ಣೆಉಂಡೆ (ಏಳನೇ ವಾರ)
ಶಾಲು ಆಯಿತು. 176×46. ತೂಕ ಹಾಕಿದೆ, ರೇಷ್ಮೆ ಸೇರಿ 140 ಗ್ರಾಂ. ಬೆಳಕಿಗೆ ಹಿಡಿದರೆ ಆಚೆ ಕಡೆ ಕಿಟಕಿ ಕಾಣುತ್ತದೆ. ರೇಷ್ಮೆ ಸುಕ್ಕುಸುಕ್ಕಾಗಿ ಎಷ್ಟು ಚೆನ್ನಾಗಿದೆ ಅಂದರೆ ತಂಗಿ ಇದನ್ನು ಬೇಕಂತಲೇ ಹೀಗೆ ಮಾಡಿದ್ದಾ ಅಂತ ಕೇಳಿದಳು. ಹೌದು ಅಂದೆ.

ತಣ್ಣೀರಿನಲ್ಲಿ ಒಂದೂವರೆ ಗಂಟೆ ಉಜ್ಜಿದ್ದೇನೆ. ಹಿಂದುಗಡೆ ಎಳೆ ಕಾಣಿಸಿಕೊಂಡಾಗ ಕೂಗಿಬಿಟ್ಟೆ.

ಎರಡು ವಾರ ಇದನ್ನೆಲ್ಲ ಎಲ್ಲಿಡಲಿ? ಮನೆಯಲ್ಲಿ ನುಸಿಹುಳದ ಕಾಟ ಇದೆ.

ತೆಳುಎಳೆ
ಹಾರುವ ಚಿಟ್ಟೆ ತಿನ್ನುವುದಿಲ್ಲ, ಅದರ ಮರಿಹುಳ ತಿನ್ನುವುದು. ಮೊಟ್ಟೆ ಇದ್ದರೆ ಕಣ್ಣಿಗೆ ಕಾಣುವುದೂ ಇಲ್ಲ. ಎಲ್ಲವೂ ಚೆನ್ನಾಗಿ ಒಣಗಲಿ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿಕೊಂಡೂ ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ, ಮೋಸ ಹೋಗಬೇಡಿ. ಎರಡು ದಿನ ನೆರಳಲ್ಲಿ ಆರಲಿ, ಬಿಸಿಲು ಬೇಡ, ಬಿಳಿ ಉಣ್ಣೆ ಹಳದಿಯಾಗುತ್ತದೆ. ಆಮೇಲೆ ಗಾಳಿಯಾಡದ ಚೀಲದಲ್ಲಿ ಕಟ್ಟಿ ಫ್ರೀಜರ್‌ನಲ್ಲಿ, ಮೈನಸ್ 18ರಲ್ಲಿ, ಎರಡು ವಾರ. ಹೂವುಗಳನ್ನು ಡಬ್ಬದಲ್ಲಿಟ್ಟು ಚೀಲಕ್ಕೆ ಹಾಕಿ, ನಜ್ಜುಗುಜ್ಜಾಗಬಾರದು. ಹೊರಗೆ ತೆಗೆದ ತಕ್ಷಣ ಚೀಲ ಬಿಚ್ಚಬೇಡಿ. ಕೋಣೆಯ ಬಿಸಿಗೆ ಬರಲಿ, ಇಲ್ಲದಿದ್ದರೆ ಉಣ್ಣೆಯ ಮೇಲೆಲ್ಲ ನೀರು ಕೂರುತ್ತದೆ.

ಸೈಬೀರಿಯಾದ ಆಲ್ಟಾಯ್ ಬೆಟ್ಟಗಳಲ್ಲಿ ಪಾಜಿರಿಕ್ ಗೋರಿಗಳು ಅಂತ ಇವೆ. ಅಲ್ಲಿ ಫೆಲ್ಟ್‌ನಲ್ಲಿ ಮಾಡಿದ ಹಂಸಗಳು ಸಿಕ್ಕಿವೆ, ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಮ್ಯೂಸಿಯಂನಲ್ಲಿವೆ. ಎರಡು ಸಾವಿರ ವರ್ಷಕ್ಕೂ ಹಳೆಯವು. ಉಳಿದದ್ದು ಹೇಗೆ ಅಂದರೆ ಗೋರಿಯೊಳಗೆ ನೀರು ಹೆಪ್ಪುಗಟ್ಟಿತ್ತು. ಅದೂ ಒಂಥರಾ ಫ್ರೀಜರ್ರೇ.

ಹೊಸಕೈ
ಹಂಸ ಮಾಡೋದು ಹೇಗೆ ಅಂತ ಯಾರಾದರೂ ಬೇರೆ ಚರ್ಚೆ ಶುರು ಮಾಡಿ ಪ್ಲೀಸ್.

ಉಣ್ಣೆಉಂಡೆ (ಮದುವೆ ಆದ ಮೇಲೆ)
ಎಲ್ಲರಿಗೂ ಹೇಳಬೇಕು ಅಂತ ಬಂದೆ. ಮುಡಿಯ ಹೂ ಅಲ್ಲಾಡಲಿಲ್ಲ. ಕೋಟಿನ ಹೂಗಳಲ್ಲಿ ಒಂದು ಕಾಣೆಯಾಯಿತು, ಇನ್ನೊಂದನ್ನು ಒಬ್ಬ ಪುಟಾಣಿ ಬಾಯಿಗೆ ಹಾಕಿಕೊಂಡು ನೆನೆಸಿಬಿಟ್ಟಿತು. ಹಳೆಗತ್ತರಿ ಅಣ್ಣ, ಪಿನ್ನು ಹೊಲಿದದ್ದು ಎಷ್ಟು ಒಳ್ಳೆಯದಾಯಿತು, ಅದು ಎಳೆದರೂ ಬರಲಿಲ್ಲ. ಕೆಂಪು ಬಣ್ಣವೂ ಬಿಡಲಿಲ್ಲ. ಜಾಸ್ತಿ ಮಾಡಿಟ್ಟ ಎರಡು ಹೂ ಆ ಎರಡರ ಜಾಗಕ್ಕೆ ಹೋದವು. ಕೈಚೀಲ ನೋಡಿದ ಮೂರು ಜನ ನಮಗೂ ಮಾಡಿಕೊಡಿ ಅಂದಿದ್ದಾರೆ. ಅದು ಕೆಟ್ಟುಹೋದ ಶಾಲು ಅಂತ ಅವರಿಗೆ ಹೇಳಲಿಲ್ಲ.

ಕೊನೆಯ ಪ್ರಶ್ನೆ. ಸಂಜೆ ಶಾಲಿನ ತುದಿಗೆ ಏನೋ ಚೆಲ್ಲಿ ಕಲೆಯಾಗಿದೆ. ತಂಗಿ ಈಗಷ್ಟೇ ಫೋನ್ ಮಾಡಿ, ಬಿಸಿ ನೀರಿನಲ್ಲಿ ವಾಷಿಂಗ್ ಮೆಷಿನ್‌ಗೆ ಹಾಕುತ್ತೇನೆ, ಎಷ್ಟು ಪುಡಿ ಹಾಕಲಿ ಅಂತ ಕೇಳುತ್ತಿದ್ದಾಳೆ.

ಸೋಪುನೀರು
ಇಲ್ಲಿ ಬರೆಯುತ್ತಾ ಯಾಕೆ ಕೂತಿದ್ದೀರಿ? ಮೊದಲು ವಾಪಸ್ ಫೋನ್ ಮಾಡಿ!